ಆ ಮಧ್ಯಾಹ್ನ ಕರೆಂಟ್ ಹೋಗಿರಲಿಲ್ಲ

ಹೊಸ ಮನೆ, ಎರಡನೇ ಮಹಡಿ
೧೭ನೇ ತಾರೀಖು, ಭಾನುವಾರ ಬೆಳಗ್ಗೆ

ಪ್ರೀತಿಯ ದೊಡ್ಡಪ್ಪ,

ಮಂಡಿ ನೋವು ಹೇಗಿದೆ? ಡಾಕ್ಟರು ಹೇಳಿದ ಹಾಗೆ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂರುತ್ತಿದ್ದೀರಾ, ಇಲ್ಲ ಅಂಗಡಿಯ ಏಣಿ ಹತ್ತಿ ಇಳಿಯುವುದು ಇನ್ನೂ ನಡೆದೇ ಇದೆಯಾ? ನನ್ನ ಮದುವೆಗೆ ನೀವು ಬರಲಿಲ್ಲ ಎಂದು ನನಗೆ ಕೋಪವಿಲ್ಲ. ಬೇಸರವಿದೆ, ಅದು ಬೇರೆ. ಕೋಪ ಇರುವುದು ಇನ್ನೊಂದಕ್ಕೆ. ಅದನ್ನು ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ನಿಮಗೆ ಹಿಡಿಸುವುದೂ ಇಲ್ಲ. ಹದಿನಾರು ವರ್ಷದ ಹಿಂದೆ, ಅಕ್ಕನ ಮದುವೆಯ ಮಧ್ಯಾಹ್ನ, ಅವಳು ವೇದಿಕೆಯ ಮೇಲೆ ನಿಂತು ಮಾತಾಡುತ್ತಿದ್ದಾಗ ನೀವು ಅವಳ ಮೈಕಿನ ದನಿಯನ್ನು ಪೂರ್ತಿ ಇಳಿಸಿದಿರಿ. ಆಮೇಲೆ ಕರೆಂಟ್ ಹೋಯಿತು ಎಂದಿರಿ. ಕರೆಂಟ್ ಹೋಗಿರಲಿಲ್ಲ.

ಇಷ್ಟು ಓದುವ ಹೊತ್ತಿಗೆ ನೀವು ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡಿರುತ್ತೀರಿ. ದಯವಿಟ್ಟು ಪೂರ್ತಿ ಓದಿ. ಆ ಜಾಗ ನಿಮಗೆ ನೆನಪಿಲ್ಲದೆ ಇರದು. ಹಳೆಯ ಸಭಾಂಗಣ; ಒಳಗೆ ಹೋದ ಕೂಡಲೇ ಎಡಕ್ಕೆ ನೀರಿನ ಡ್ರಮ್ಮು, ಬಲಕ್ಕೆ ಮಡಚುವ ಕುರ್ಚಿಗಳ ರಾಶಿ. ನೀವು ವೇದಿಕೆಯ ಪಕ್ಕ, ಪರದೆಯ ಮರೆಯಲ್ಲಿ ಆಂಪ್ಲಿಫಯರ್ ಪೆಟ್ಟಿಗೆಯ ಮುಂದೆ ಕೂತಿದ್ದಿರಿ. ನನಗಾಗ ಹದಿನೇಳು. ಅಕ್ಕ ಮಾತು ಶುರು ಮಾಡುವ ಮುಂಚೆ ನನ್ನನ್ನು ಕರೆದು, “ಕೊನೇ ಸಾಲಿಗೆ ಕೇಳಿಸ್ತಾ ನೋಡ್ಕೊಂಡು ಬಾ” ಅಂದಿರಿ. ಹೋಗಿ ಕೊನೆಯ ಸ್ಪೀಕರಿನ ಕೆಳಗೆ ನಿಂತೆ. ಚೆನ್ನಾಗಿಯೇ ಕೇಳಿಸುತ್ತಿತ್ತು. ಅಕ್ಕ ಬಂದವರಿಗೆಲ್ಲ ವಂದನೆ ಹೇಳಿದಳು, ಅಮ್ಮನಿಗೆ ಹೇಳಿದಳು, ಅಪ್ಪ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದವರು ಎಂದು ನಿಮಗೂ ಹೇಳಿದಳು. ಆಮೇಲೆ “ಮದುವೆ ಆದ್ಮೇಲೂ ನಾನು” ಎಂದಳು. ಅಲ್ಲಿಗೆ ನಿಂತಿತು. ಅವಳ ತುಟಿ ಆಡುತ್ತಿತ್ತು, ದನಿ ಇರಲಿಲ್ಲ. ನನ್ನ ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಸ್ಪೀಕರು ಸಣ್ಣಗೆ ಗುಂಯ್ ಅನ್ನುತ್ತಲೇ ಇತ್ತು. ಆ ಸದ್ದಿನ ಪಾಠವನ್ನು ನನಗೆ ಹೇಳಿಕೊಟ್ಟವರು ನೀವೇ: “ಗುಂಯ್ ಅಂತಿದ್ರೆ ಪೆಟ್ಟಿಗೆಗೆ ಜೀವ ಇದೆ ಅಂತ ಅರ್ಥ. ಆಗ ವಯರ್ ನೋಡು, ಆಮೇಲೆ ಮೈಕ್ ನೋಡು, ಕೊನೆಗೆ ಮನುಷ್ಯರನ್ನ ನೋಡು.” ವಯರಿನಲ್ಲಿ ದೋಷವಿರಲಿಲ್ಲ, ಮೈಕಿನಲ್ಲೂ ಇರಲಿಲ್ಲ. ಯಾಕೆಂದರೆ ಅಕ್ಕನನ್ನು ಕೈಹಿಡಿದು ಕೂರಿಸಿದ ಸ್ವಲ್ಪ ಹೊತ್ತಿಗೆ ಅದೇ ಮೈಕಿನಲ್ಲಿ ನೀವು “ಎಲ್ಲರೂ ಊಟಕ್ಕೆ ದಯಮಾಡಿಸಬೇಕು” ಎಂದಿರಿ. ಗಂಟೆ ಹೊಡೆದ ಹಾಗಿತ್ತು ದನಿ.

ಅವತ್ತು ಸಂಜೆ ವಯರ್ ಸುತ್ತುತ್ತಾ ನಿಮ್ಮನ್ನು ಕೇಳಿದೆ, “ಗುಂಯ್ ಅಂತಾನೇ ಇತ್ತಲ್ಲ ದೊಡ್ಡಪ್ಪ?” ನೀವು “ಮದುವೆ ಮನೆ. ಸುಮ್ನಿರು” ಅಂದಿರಿ. ಸುಮ್ಮನಿರುವುದು ನನ್ನ ಜಾಯಮಾನವಲ್ಲ ಎಂದು ನಿಮಗೆ ಗೊತ್ತು. ನನಗೆ ಅರ್ಜಿ ಎಂದು ಹೆಸರಿಟ್ಟವರೇ ನೀವು. ಆದರೆ ಆ ದಿನ ನನ್ನ ಮಾತು ಯಾರಿಗೆ ಬೇಕಿತ್ತು? ಫ್ಯಾನು ತಿರುಗುತ್ತಿದ್ದುದನ್ನು ಎಲ್ಲರೂ ನೋಡಿದ್ದರು, ಹಾಗಾಗಿ ಕರೆಂಟ್ ಹೋದ ಕಥೆಯನ್ನು ಯಾರೂ ನಂಬಲಿಲ್ಲ. ಹುಡುಗಿ ಸಭೆ ಕಂಡು ಹೆದರಿದಳು, ಮಾತು ಮರೆತಳು, ಪಾಪ ಅವಳ ದೊಡ್ಡಪ್ಪ ಮರ್ಯಾದೆ ಉಳಿಸಲು ಕರೆಂಟಿನ ಮೇಲೆ ಹಾಕಿದರು ಎಂದು ಮಾತಾಯಿತು. ನೋಡಿ, ನಿಮ್ಮ ಸುಳ್ಳಿಗೂ ನಿಮಗೆ ಒಳ್ಳೆಯ ಹೆಸರೇ ಬಂತು. ಅಕ್ಕನಿಗೆ ಬಂದದ್ದು ಒಂದು ಗಾದೆ. ಸೋದರಮಾವನ ಸ್ಕೂಟರ್ ಒದ್ದರೂ ಹೊತ್ತಿಕೊಳ್ಳದಿದ್ದರೆ “ಅಕ್ಕನ ಭಾಷಣ ಆಯ್ತು”. ನಲ್ಲಿ ಎರಡು ಸಲ ಕೆಮ್ಮಿ ನಿಂತರೆ “ಅಕ್ಕನ ಭಾಷಣ”. ಈಗ ಅಕ್ಕನ ಮಗಳೇ ಪೆನ್ನಿನ ಶಾಯಿ ಮುಗಿದರೆ ಹಾಗೆ ಅನ್ನುತ್ತಾಳೆ, ಯಾವ ಅಕ್ಕ ಎಂದು ತಿಳಿಯದೆ. ಅಕ್ಕ ಅಲ್ಲೇ ಕೂತು ಬಟ್ಟೆ ಮಡಚುತ್ತಿರುತ್ತಾಳೆ. ತಲೆ ಎತ್ತುವುದಿಲ್ಲ.

ಅಕ್ಕ ಸಭೆ ಕಂಡು ಹೆದರುವವಳೇ? ನಮ್ಮ ಮೈಕ್‌ಸೆಟ್ ಅಂಗಡಿಯನ್ನು ಜನ ಗುರುತಿಸುತ್ತಿದ್ದುದು ಬೋರ್ಡಿನಿಂದಲ್ಲ, ಅವಳ ದನಿಯಿಂದ. ಮೈದಾನದಲ್ಲಿ ಆಟವಿರಲಿ, ವಸ್ತುಪ್ರದರ್ಶನವಿರಲಿ, ಜನ ಕೇಳುತ್ತಿದ್ದುದು “ಆ ಹುಡುಗಿ ಬರ್ತಾಳಾ?” ಎಂದೇ. ಕಳೆದುಹೋದ ಮಕ್ಕಳ ವಿಷಯ ಅವಳು ಹೇಳುತ್ತಿದ್ದ ರೀತಿ ನನಗೆ ಇವತ್ತಿಗೂ ಬಾಯಿಪಾಠ: “ಕೆಂಪು ಅಂಗಿಯ, ಒಂದೇ ಚಪ್ಪಲಿ ಇರುವ ಮಗು ನಮ್ಮ ಹತ್ತಿರ ಇದೆ. ಅಳುತ್ತಿಲ್ಲ, ಬಿಸ್ಕತ್ತು ತಿನ್ನುತ್ತಿದೆ. ಮನೆಯವರು ಗಾಬರಿಯಾಗದೆ ಬನ್ನಿ.” ಆ ಬಿಸ್ಕತ್ತಿನ ಮಾತು ಅವಳದೇ ಸೇರ್ಪಡೆ. ಆ ಮಾತು ಕೇಳಿದರೆ ಯಾವ ತಾಯಿಯೂ ಓಡಿ ಬಂದು ಎಡವಿ ಬೀಳುವುದಿಲ್ಲ ಎಂದು ನೀವೇ ಹೊಗಳಿದ್ದಿರಿ. “ಮೈಕಿಗೆ ಬೈಬೇಡ, ಅದರ ಕಿವೀಲಿ ಗುಟ್ಟು ಹೇಳಿದ ಹಾಗೆ ಹೇಳು” ಎಂದು ಅವಳಿಗೆ ಕಲಿಸಿದವರೂ ನೀವು. ಭಾವ ಅವಳನ್ನು ಕಂಡದ್ದೂ ಹಾಗೇ ತಾನೇ? ಅಣ್ಣನ ಮಗು ಕಳೆದುಹೋಗಿದೆ ಎಂದು ಬಂದವರು ಮಗುವನ್ನು ಎತ್ತಿಕೊಂಡು ಹೋದರು, ಮನಸ್ಸನ್ನು ಮೈಕಿನ ಹತ್ತಿರ ಬಿಟ್ಟು ಹೋದರು. ಅಂಥವಳು ಮದುವೆಯ ಮಧ್ಯಾಹ್ನದಿಂದ ಈಚೆಗೆ ಮೈಕನ್ನು ಮುಟ್ಟಿಲ್ಲ. ಮಗಳ ಶಾಲೆಯ ಸಭೆಯಲ್ಲಿ ಎರಡು ಮಾತು ಹೇಳಿ ಎಂದರೂ ಹಿಂದಿನ ಬಾಗಿಲಿನಿಂದ ಹೊರಟುಬಿಡುತ್ತಾಳೆ.

ಈಗ ನನ್ನ ಭಾಷಣದ ವಿಷಯ. ಮದುಮಗಳು ಮಾತಾಡಬೇಕು ಎಂದು ಮೊದಲು ಹೇಳಿದ್ದು ಇವರು. (ಗಂಡನನ್ನು ಇವರು ಅನ್ನುವುದು ನಾಲಿಗೆಗೆ ಇನ್ನೂ ರೂಢಿಯಾಗಿಲ್ಲ; ಮೊನ್ನೆ ಬಾಯಿತಪ್ಪಿ ಕನ್ನಡಕದಂಗಡಿಯವರೇ ಎಂದು ಕರೆದುಬಿಟ್ಟೆ.) ನೀನು ಪತ್ರಿಕೆಗೆ ಅಷ್ಟೊಂದು ಓದುಗರ ಪತ್ರ ಬರೀತೀಯ, ನಿನ್ನ ಮದುವೇಲಿ ನಿನಗೆ ಹೇಳೋಕೆ ಏನೂ ಇಲ್ವಾ ಎಂದು ಕೆಣಕಿದರು. ವಾಚನಾಲಯದಲ್ಲಿ ಕೆಲಸ ಮುಗಿದ ಮೇಲೆ, ಕಿಟಕಿಯ ಪಕ್ಕದ ಉದ್ದ ಮೇಜಿನಲ್ಲಿ ಕೂತು ಬರೆದೆ. ಪುಸ್ತಕ ಓದಿ ಓದಿ ಕೆಟ್ಟವಳು ನಾನು, ಮೊದಲ ಸಲ ಬರೆದದ್ದು ಪುಟಗಟ್ಟಲೆ ಆಯಿತು. ಹೆಣ್ಣುಮಕ್ಕಳ ಮಾತಿನ ಹಕ್ಕು, ಸಂಸಾರದಲ್ಲಿ ಸಮಾನತೆ, ನಡುವೆ ಹೇಗೋ ನಮ್ಮ ಬೀದಿಯ ಚರಂಡಿ ಮುಚ್ಚಳ ಕೂಡ ಬಂದಿತ್ತು. ಇವರು ಪೂರ್ತಿ ಕೇಳಿ, “ಇದು ಮದುವೆಗಾ, ನಗರಸಭೆಗಾ?” ಅಂದರು. ಹರಿದು ಹಾಕಿ ಎರಡನೆಯದು ಬರೆದೆ. ಅದು ಸಕ್ಕರೆ ಪಾಕ. ಅಮ್ಮ ಬಟಾಣಿ ಸುಲಿಯುತ್ತಾ ಕೇಳಿದಳು. ಮುಗಿದ ಮೇಲೆ, “ಚೆನ್ನಾಗಿದೆ ಕಣೆ. ಯಾರ ಮದುವೇಲಿ ಬೇಕಾದ್ರೂ ಓದ್ಬಹುದು” ಅಂದಳು. ಅಮ್ಮನ ಹೊಗಳಿಕೆ ನಿಮಗೆ ಗೊತ್ತಲ್ಲ, ಬೆಣ್ಣೆಯೊಳಗೆ ಸೂಜಿ. ಅದನ್ನೂ ಹರಿದೆ.

ಮೂರನೆಯದನ್ನು ಬರೆಯುವಂತೆ ಮಾಡಿದ್ದು ಭಾವ. ಮದುವೆಗೆ ಮುಂಚೆ ಈ ಮನೆಯ ಕಪಾಟಿಗೆ ಬಾಗಿಲು ಕೂರಿಸಲು ಬಂದಿದ್ದರು. ಬಡಗಿ ಭಾವ ಇರುವುದು ಎಷ್ಟು ಅನುಕೂಲ ಎಂದು ಹೊಸ ಮನೆ ಮಾಡುವಾಗಲೇ ತಿಳಿಯುವುದು. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ಕೆಲಸ ಮಾಡುತ್ತಿದ್ದರು. ನಾನು ಭಾಷಣದ ಕಷ್ಟ ಹೇಳಿಕೊಳ್ಳುತ್ತಾ, ನಿಮ್ಮ ಮನೆಯವರು ಬೇಡ ಅನ್ನದಿದ್ದರೆ ಅಕ್ಕ ಇವತ್ತಿಗೂ ಮೈಕ್ ಬಿಡುತ್ತಿರಲಿಲ್ಲ ಅಂದೆ. ತನ್ನ ಮದುವೆಯ ಮಾರನೆಯ ದಿನ ಅಕ್ಕ ನನಗೆ ಹೇಳಿದ್ದೇ ಅಷ್ಟು: “ಆ ಮನೆಯವರಿಗೆ ಇಷ್ಟ ಇಲ್ವಂತೆ, ದೊಡ್ಡಪ್ಪ ಹೇಳಿದ್ರು.” ಭಾವ ಸ್ಕ್ರೂಗಳನ್ನು ಅಂಗೈಗೆ ಉಗಿದು ತಿರುಗಿ ನೋಡಿದರು. “ನಾವೆಲ್ಲಿ ಬೇಡ ಅಂದ್ವಿ? ಮದುವೆಗೆ ಮೊದ್ಲೇ ನಿಮ್ ದೊಡ್ಡಪ್ಪನೇ ಬಂದು ಹೇಳಿದ್ರಲ್ಲ, ಹುಡುಗಿ ಇನ್ಮೇಲೆ ಮೈಕ್ ಮುಂದೆ ನಿಲ್ಲಲ್ಲ, ನೀವೇನೂ ಯೋಚ್ನೆ ಮಾಡ್ಬೇಡಿ ಅಂತ. ಯಾಕೆ ಪಾಪ, ನಿಂತ್ಕೊಳ್ಲಿ ಬಿಡಿ ಅಂತಾನೂ ಅಂದ್ರು ನಮ್ಮಪ್ಪ. ಅವಳಿಗೇ ಬೇಡವಾಗಿದೆ ಅಂದ್ಕೊಂಡು ಸುಮ್ನಾದ್ವಿ.” ಸುತ್ತಿಗೆ, ಸ್ಕ್ರೂ ಎಲ್ಲ ಚೀಲಕ್ಕೆ ತುಂಬಿಕೊಂಡು ಮನೆಗೆ ಹೊರಟರು. ಆ ದಿನ ಕಪಾಟಿಗೆ ಒಂದೇ ಬಾಗಿಲು ಕೂತಿತು.

ದೊಡ್ಡಪ್ಪ, ಇದನ್ನು ನೀವು ನಿಧಾನವಾಗಿ ಯೋಚಿಸಬೇಕು. ಒಂದೇ ಮನೆಯಲ್ಲಿ, ಒಂದೇ ಮೇಜಿನಲ್ಲಿ ಊಟ ಮಾಡುವ ಇಬ್ಬರು, ಅವಳು ಅವರಿಗೆ ಇಷ್ಟವಿಲ್ಲ ಎಂದುಕೊಂಡು, ಅವರು ಅವಳಿಗೆ ಇಷ್ಟವಿಲ್ಲ ಎಂದುಕೊಂಡು, ಒಬ್ಬರ ಮನಸ್ಸನ್ನು ಇನ್ನೊಬ್ಬರು ನೋಯಿಸಬಾರದೆಂದು ಇಷ್ಟು ವರ್ಷ ಆ ಮಾತನ್ನೇ ಎತ್ತಲಿಲ್ಲ. ಕೇಳದವರಿಗೆ ವರ ಕೊಟ್ಟವರು ನೀವು, ಕೊಟ್ಟದ್ದು ಅಕ್ಕನ ಸ್ವತ್ತು. ಬೀಗರ ಮನೆಯಲ್ಲಿ ಏನೆಂದುಕೊಳ್ಳುತ್ತಾರೋ ಎಂದು ನೀವು ಹೆದರಿದಿರಿ, ತಂದೆಯಿಲ್ಲದ ಹುಡುಗಿಯ ಮದುವೆ ಎಲ್ಲಿ ನಿಂತುಹೋಗುತ್ತದೋ ಎಂದು ಮುಂಗಡವಾಗಿಯೇ ತಲೆ ಬಗ್ಗಿಸಿದಿರಿ. ಆ ಭಯ ನನಗೆ ಅರ್ಥವಾಗುವುದಿಲ್ಲ ಎಂದಲ್ಲ. ಅವಳು “ಮದುವೆ ಆದ್ಮೇಲೂ ನಾನು” ಎಂದ ಕೂಡಲೇ, ನೀವು ಕೊಟ್ಟ ಮಾತು ಸಭೆಯಲ್ಲಿ ಸುಳ್ಳಾಗುತ್ತದೆ ಎಂದು ನಿಮ್ಮ ಕೈ ದನಿ ಏರಿಳಿಸುವ ನಾಬಿಗೆ ಹೋಯಿತು. ಅಕ್ಕನಿಗೂ ಗುಂಯ್ ಸದ್ದು ಕೇಳಿಸಿತ್ತು; ಭಾವ ಹೇಳಿದ್ದನ್ನು ನಾನು ಅವಳಿಗೆ ಮುಟ್ಟಿಸಿದಾಗ ಕೊನೆಗೂ ಬಾಯಿಬಿಟ್ಟಳು. ಅವಳು ಪರದೆಯ ಕಡೆ ನೋಡಿದಳು, ನೀವು ಪೆಟ್ಟಿಗೆಯ ಕಡೆ ನೋಡಿದಿರಿ. ಸಾಕಿದವರ ಮೇಲೆ ದೂರು ಹೇಳಬಾರದೆಂದು ಅವಳು ಗಾದೆಯನ್ನೇ ಹೊಟ್ಟೆಗೆ ಹಾಕಿಕೊಂಡಳು.

ನಾನು ನಿಮಗೆ ಫೋನ್ ಮಾಡಿ “ಮದುವೇಲಿ ನಾನೂ ಮಾತಾಡ್ತೀನಿ ದೊಡ್ಡಪ್ಪ” ಎಂದಾಗ ನೀವು ಮೊದಲು ಎಷ್ಟು ಜನ ಬರುತ್ತಾರೆ ಎಂದು ಕೇಳಿದಿರಿ. ಆಮೇಲೆ “ಮಾತಾಡು, ಯಾರ್ ಬೇಡ ಅಂದ್ರು? ಚಿಕ್ಕದಾಗಿರ್ಲಿ” ಅಂದಿರಿ. ಮಾರನೆಯ ದಿನ ಮಂಡಿ ನೋವು ಶುರುವಾಯಿತು. ಮದುವೆಯ ಬೆಳಗ್ಗೆ ನಿಮ್ಮ ಮಗ ಸೆಟ್ಟು ತಂದ. ಅಂಗಡಿಯಲ್ಲಿರುವುದರಲ್ಲೇ ಒಳ್ಳೆಯ ಆಂಪ್ಲಿಫಯರ್, ಹೊಸ ವಯರ್, ನೀವು ಯಾರಿಗೂ ಬಾಡಿಗೆಗೆ ಕೊಡದ ಆ ಬೆಳ್ಳಿ ಬಣ್ಣದ ಮೈಕು. ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದೆ. ಮೈಕಿನ ವಾಲ್ಯೂಮ್ ನಾಬನ್ನು ಎಲ್ಲಿಗೆ ಬೇಕೋ ಅಲ್ಲಿಗೆ ತಿರುಗಿಸಿ, ಮೇಲೆ ಕರಿ ಟೇಪನ್ನು ಅಡ್ಡಡ್ಡ ಉದ್ದುದ್ದ ಸುತ್ತಿ ಬಿಗಿದಿದ್ದಿರಿ. ಉಳಿದ ಯಾವ ನಾಬಿಗೂ ಟೇಪಿಲ್ಲ. ನಿಮ್ಮ ಮಗ, “ಅಪ್ಪ ಇದನ್ನ ಮಾತ್ರ ಯಾರೂ ಮುಟ್ಬಾರ್ದು ಅಂದ್ರು, ಯಾಕೋ ಗೊತ್ತಿಲ್ಲ” ಅಂದ. ನನಗೆ ಗೊತ್ತಾಯಿತು. ನಾನು ಆ ಟೇಪಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದನ್ನು ನೋಡಿ ಅಮ್ಮ, ಷಾಕ್ ಹೊಡೀತೇನೇ ಎಂದು ಕೇಳಿದಳು. ಅಲ್ಲಿಯ ತನಕ ನೀವು ಮರೆತಿದ್ದೀರಿ ಎಂದುಕೊಂಡಿದ್ದೆ.

ಎಷ್ಟೋ ಮದುವೆಗಳಲ್ಲಿ ಮೈಕು ಕಟ್ಟಿ ಊದಿ ನೋಡಿದ್ದೇನೆ. ನನ್ನ ಮದುವೆಯಲ್ಲಿ ಅದರ ಮುಂದೆ ನಿಂತಾಗಲೂ ಅಭ್ಯಾಸಬಲದಿಂದ ಮೊದಲು ಊದಿಯೇ ನೋಡಿದೆ. ಅಷ್ಟರಲ್ಲಿ ಎರಡನೇ ಸಾಲಿನಿಂದ ಸೋದರಮಾವ, “ಅಕ್ಕನ ಭಾಷಣ ಆಗ್ಬಾರ್ದಮ್ಮ” ಎಂದು ಕೂಗಿದರು. ಸಭೆಯೆಲ್ಲ ನಕ್ಕಿತು. ನಾನು ಬರೆದದ್ದನ್ನು ಓದುತ್ತಾ ಹೋದೆ. ಬಂದವರಿಗೆ, ಅಮ್ಮನಿಗೆ, ಅತ್ತೆ ಮಾವನವರಿಗೆ ವಂದನೆ. ಇವರು ನನ್ನ ಕಣ್ಣು ಪರೀಕ್ಷೆ ಮಾಡುವಾಗ ಗೋಡೆಯ ಮೇಲಿನ ಕೊನೆಯ ಸಾಲು ಓದಿ ಎಂದದ್ದು, “ಅದನ್ನು ದೊಡ್ಡದಾಗಿ ಬರೆಸಿ ಹಾಕಿ, ಮುದುಕರು ಏನು ಮಾಡಬೇಕು?” ಎಂದು ನಾನು ಜಗಳ ತೆಗೆದದ್ದು, ಅಲ್ಲಿಂದ ನಮ್ಮ ಪರಿಚಯ. ನಗು ಬಂತು. ಆಮೇಲೆ ಕಾಗದ ಮಡಚಿದೆ. ಹೇಳಿದ್ದು ಇಷ್ಟು: “ನಮ್ಮ ಮನೆಯಲ್ಲಿ ಒಂದು ಗಾದೆ ಇದೆ, ಈಗ ತಾನೇ ಕೇಳಿದಿರಿ. ನಮ್ಮಕ್ಕ ಅಂದು ಹೆದರಲಿಲ್ಲ. ಮಾತು ಮರೆಯಲಿಲ್ಲ. ನಾನು ಕೊನೆಯ ಸಾಲಿನಲ್ಲಿದ್ದೆ, ಅವಳು ಮಾತಾಡುತ್ತಲೇ ಇದ್ದಳು. ಅದು ನಿಮಗೆ ಕೇಳಿಸದ ಹಾಗೆ ಮಾಡಲಾಯಿತು. ಮಾಡಿದವರು ಯಾರು ಎಂದು ನಾನು ಹೇಳುವುದಿಲ್ಲ, ಅದು ಅವರ ಬಾಯಿಂದಲೇ ಬರಬೇಕಾದ ಮಾತು. ಆದರೆ ಇವತ್ತಿನಿಂದ ಆ ಗಾದೆ ನಮ್ಮ ಮನೆಗೆ ಬೇಡ.”

ಸ್ಪೀಕರು ಸಣ್ಣಗೆ ಗುಂಯ್ ಅನ್ನುತ್ತಲೇ ಇತ್ತು. ಸೋದರಮಾವ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ದೊಡ್ಡಮ್ಮ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದರು, ಕೊನೆಗೂ ಏನನ್ನೂ ತೆಗೆಯಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಿಮ್ಮ ಮಗ ಆಂಪ್ಲಿಫಯರಿನಿಂದ ಸರಕ್ಕನೆ ಕೈ ತೆಗೆದ. ಪಾಪ, ಅವನದೇನು ತಪ್ಪಿದೆ? ಅಕ್ಕ ಮೂರನೇ ಸಾಲಿನಲ್ಲಿ ಮಗಳ ಪಕ್ಕ ಕೂತಿದ್ದಳು. ವಯರ್ ಎಳೆದುಕೊಂಡು, ಸೀರೆಯ ಅಂಚು ಎತ್ತಿ ಹಿಡಿದು, ಮೆಟ್ಟಿಲಿಳಿದು ಅವಳ ಹತ್ತಿರ ಹೋದೆ. ಮೈಕನ್ನು ಮುಂದೆ ಹಿಡಿದೆ. ಅವಳು ಅದನ್ನೇ ನೋಡಿದಳು, ಕಳೆದುಹೋಗಿ ಸಿಕ್ಕ ಮಗುವನ್ನು ನೋಡುವ ಹಾಗೆ. ಕೈ ಮಾತ್ರ ಚಾಚಲಿಲ್ಲ. “ಬೇಡ ಕಣೆ,” ಅಂದಳು. “ಇಸ್ಕೊಂಡೋರು ಕೊಡ್ಲಿ.” ನನಗೆ ಮಾತ್ರ ಕೇಳಲೆಂದು ಮೆಲ್ಲಗೆ ಹೇಳಿದ್ದು. ಆದರೆ ಮೈಕು ಅವಳ ಬಾಯಿಯ ಹತ್ತಿರವೇ ಇತ್ತು, ನಾಬಿನ ಮೇಲೆ ನಿಮ್ಮ ಟೇಪು ಇತ್ತು. ಅವಳ ಮಾತು ಕೊನೆಯ ಸಾಲಿನವರೆಗೂ ಹೋಯಿತು. ಗುಟ್ಟು ಹೇಳಿದ ಹಾಗೇ, ನೀವು ಕಲಿಸಿದ ಹಾಗೇ. ಊಟದ ಹೊತ್ತಿಗೆ ಯಾರೋ ವಯಸ್ಸಾದವರು ಬಂದು ಅವಳ ಕೈ ಹಿಡಿದು, “ಬಿಸ್ಕತ್ತು ತಿಂತಾ ಇದೆ ಅಂತ ಹೇಳ್ತಿದ್ದೋಳು ನೀನೇ ಅಲ್ವೇನಮ್ಮ? ದನಿ ಕೇಳಿ ಗುರ್ತು ಹಿಡ್ದೆ” ಅಂದರು. ಅಕ್ಕ ಹೌದು ಅಂದಳು. ಅವಳು ಹಾಗೆ ತಲೆ ಎತ್ತಿ ಹೌದು ಅಂದದ್ದನ್ನು ನೀವು ನೋಡಬೇಕಿತ್ತು.

ದೊಡ್ಡಪ್ಪ, ಟೇಪಿನಲ್ಲಿ ನೀವು ಹೇಳಿದ್ದು ನನಗೆ ಮುಟ್ಟಿತು. ಆದರೆ ಟೇಪನ್ನು ನೋಡಿದವಳು ನಾನೊಬ್ಬಳೇ. ಸಭೆಯಲ್ಲಿ ಹೋದ ಮಾನವನ್ನು ಪೆಟ್ಟಿಗೆಯೊಳಗೆ ಹಿಂದಿರುಗಿಸಲು ಬರುವುದಿಲ್ಲ. ನಗರಸಭೆಯವರು ಬೀದಿಯ ದೀಪ ಕೆಡಿಸಿ, ರಾತ್ರೋರಾತ್ರಿ ಸರಿ ಮಾಡಿ, ಏನೂ ಆಗೇ ಇಲ್ಲ ಅಂದಾಗ ಪತ್ರಿಕೆಗೆ ಬರೆದವಳು ನಾನು. ಆ ಪತ್ರವನ್ನು ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿದವರು ನೀವು. ಪರರಿಗೆ ಒಂದು ನ್ಯಾಯ, ಮನೆಗೆ ಒಂದು ನ್ಯಾಯ ಎಂದು ನೀವು ನನಗೆ ಕಲಿಸಲಿಲ್ಲ. ನೀವು ಕೆಟ್ಟವರು ಎಂದು ನಾನು ಎಲ್ಲೂ ಹೇಳಿಲ್ಲ, ಹೇಳುವುದೂ ಇಲ್ಲ. ನನ್ನ ಜ್ವರಕ್ಕೆ ನಿದ್ದೆಗೆಟ್ಟವರು ನೀವು, ನನ್ನ ಮೊದಲ ಪುಸ್ತಕ ಕೊಡಿಸಿದವರು ನೀವು. ಅದಕ್ಕೇ ಈ ಪತ್ರ ಪತ್ರಿಕೆಗೆ ಹೋಗದೆ ನಿಮಗೆ ಬರುತ್ತಿದೆ.

ಅಮ್ಮ ನಿಮ್ಮನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಇವರು ನಿಮಗೆ ಓದಲು ಹೊಸ ಕನ್ನಡಕ ಮಾಡಿಸಿಟ್ಟಿದ್ದಾರೆ, ಬಂದಾಗ ಹಾಕಿ ನೋಡಿ. ಕಪಾಟಿನ ಎರಡನೇ ಬಾಗಿಲು ಕೂತಿತು. ದೊಡ್ಡಮ್ಮನಿಗೆ ನನ್ನ ಮೇಲೆ ಮುನಿಸಿದ್ದರೆ ನಾನೇ ಬಂದು ಬೈಸಿಕೊಳ್ಳುತ್ತೇನೆ. ಮಾತ್ರೆ ತಪ್ಪಿಸಬೇಡಿ, ಏಣಿ ಹತ್ತಬೇಡಿ. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ. ಅದನ್ನು ಮಾತ್ರ ಕಾಗದದಲ್ಲಿ ಕಳಿಸಿದರೂ ಆದೀತು.

ಇಂತಿ ನಿಮ್ಮ ಮಗಳು,
ಅರ್ಜಿ

ಮರೆತೆ: ಅಂಚೆಗೆ ಹೊತ್ತಾಯಿತು, ಇವರು ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದಾರೆ. ಮುಂದಿನ ತಿಂಗಳು ಅಕ್ಕನ ಮದುವೆಯಾದ ಅದೇ ಹಳೆಯ ಸಭಾಂಗಣದಲ್ಲಿ ಅಂಗಡಿಗೆ ನಲವತ್ತು ವರ್ಷ ತುಂಬಿದ ಸಭೆ, ಅದರಲ್ಲಿ ನಿಮ್ಮ ಭಾಷಣ ಇದೆಯಲ್ಲ. ಮಂಡಿ ನೋವಿದ್ದರೆ ಕೂತೇ ಮಾತಾಡಿ, ಸ್ಟ್ಯಾಂಡ್ ತಗ್ಗಿಸಿ ಕೊಡುತ್ತೇನೆ. ಅವತ್ತು ಆಂಪ್ಲಿಫಯರ್ ಮುಂದೆ ಕೂರುವವಳು ನಾನು. ನಾಬಿಗೆ ಟೇಪು ಬೇಕಾಗಿಲ್ಲ, ನಿಮ್ಮ ದನಿಯನ್ನು ಯಾರೂ ಇಳಿಸುವುದಿಲ್ಲ. ಅಕ್ಕ ಬರುತ್ತಾಳೆ, ಕೊನೆಯ ಸಾಲಿನಲ್ಲಿ ಕೂರುತ್ತಾಳೆ. ಆ ಮಧ್ಯಾಹ್ನ ಅವಳ ದನಿ ಇಳಿಸಿದವರು ಯಾರು, ಯಾಕೆ? ಎಲ್ಲರ ಮುಂದೆ, ಅವಳು ಕೂತಲ್ಲಿಗೆ ಕೇಳಿಸುವ ಹಾಗೆ, ನೀವು ಉತ್ತರ ಹೇಳಬೇಕು.